ಕೋವಿ ಬೀರುವಿನ ಬೀಗದ ಕೈ

ಇನ್ಸ್‌ಪೆಕ್ಟರು ಕಬ್ಬಿಣದ ಬೀರುವನ್ನು ಎರಡೂ ಕೈಯಿಂದ ತಬ್ಬಿಕೊಂಡು ಅಲ್ಲಾಡಿಸಿ ನೋಡಿದರು. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ. ಹಿಂದಿನ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. ಗೋಡೆ ಇಟ್ಟಿಗೆಯದೇ, ಪೊಳ್ಳಲ್ಲ. ತೋಟಾಗಳು ಮನೆಯಲ್ಲಿರಲಿಲ್ಲ, ಊರಾಚೆಯ ಗುರಿಗಾರರ ಕ್ಲಬ್ಬಿನಲ್ಲಿ ಭದ್ರವಾಗಿದ್ದವು. ಕೋವಿ ಇಟ್ಟುಕೊಂಡವರ ಮನೆ ಹೇಗಿರಬೇಕೆಂಬ ಹೊಸ ನಿಯಮಗಳಲ್ಲಿ ಮುಕ್ಕಾಲು ಪಾಲು ದಾಟಿದಂತೆಯೇ ಆಗಿತ್ತು. ಬಾಗಿಲ ಬಳಿ ನಿಂತಿದ್ದ ಡ್ರೈವರಮ್ಮ ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಅರ್ಧ ಬಿಟ್ಟಳು.

ಅವಳು ಸಿಟಿ ಬಸ್ಸು ಓಡಿಸುವವಳು. ಬೆಳಗಿನ ಪಾಳಿ ಮುಗಿಸಿ, ಯೂನಿಫಾರಂ ಕೂಡ ಬಿಚ್ಚದೆ, ನೇರ ಮನೆಗೆ ಬಂದಿದ್ದಳು. ಕೋವಿಯ ಲೈಸೆನ್ಸು ಅವಳ ಹೆಸರಿನಲ್ಲಿತ್ತು. ಬೀರುವಿನೊಳಗಿದ್ದ ಜೋಡು ನಳಿಗೆಯ ಕೋವಿ ಅವಳ ಅಪ್ಪನದು.

"ಬೀಗದ ಕೈ ತನ್ನಿ ಮೇಡಂ, ಒಳಗಿನ ಬೋಲ್ಟುಗಳನ್ನೂ ನೋಡಿಬಿಡ್ತೀನಿ," ಎಂದರು ಇನ್ಸ್‌ಪೆಕ್ಟರು. "ಎಲ್ಲಿಟ್ಟಿದೀರಿ ಅಂತ ಬಾಯಿಬಿಟ್ಟು ಹೇಳ್ಬೇಡಿ. ಹೋಗಿ ತಂದ್ರೆ ಸಾಕು."

ಅವಳು ಒಂದು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಅಷ್ಟರಲ್ಲಿ ಅವಳ ಗಂಡ ನಡುವೆ ಬಂದ. ಅವನು ಟೇಲರ್. ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ, ಕತ್ತರಿ ಹಾಕುವ ಮೇಜು. ಇನ್ಸ್‌ಪೆಕ್ಟರು ಒಳಗೆ ಕಾಲಿಟ್ಟಾಗಿನಿಂದ ಅವನ ಕಣ್ಣು ಅವರ ತೋಳಿನ ಮೇಲೇ ಇತ್ತು. ಅಲ್ಲೊಂದು ಗುಂಡಿ ಒಂದೇ ನೂಲಿನಲ್ಲಿ ನೇತಾಡುತ್ತಿತ್ತು.

"ಸರ್, ಒಂದ್ನಿಮಿಷ ಕೈ ಕೊಡಿ. ಇದು ಇವತ್ತೋ ನಾಳೆಯೋ ಬಿದ್ದೇ ಹೋಗುತ್ತೆ," ಎನ್ನುತ್ತಾ ಅವರ ತೋಳನ್ನು ಹಿಡಿದೇಬಿಟ್ಟ. ಇನ್ನೊಂದು ಕೈಯಲ್ಲಿ ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಕಪ್ಪು, ಬಿಳಿ, ಕಂದು ಗುಂಡಿಗಳ ನಡುವೆ ಒಂದು ಉದ್ದನೆಯ ಉಕ್ಕಿನ ಬೀಗದ ಕೈ ಠಣ್ಣನೆ ಬಿತ್ತು. "ಓಹ್, ನೀವು ಕೇಳಿದ್ದು ಇದೇ ಅಲ್ವಾ? ತಗೊಳಿ ಸರ್," ಎಂದು ಅದನ್ನು ಅವರ ಅಂಗೈಯಲ್ಲಿಟ್ಟು, ಸೂಜಿಗೆ ನೂಲು ಪೋಣಿಸತೊಡಗಿದ.

ಡ್ರೈವರಮ್ಮ ಕಣ್ಣು ಮುಚ್ಚಿಕೊಂಡಳು.

"ಯಜಮಾನ್ರೇ, ಲೈಸೆನ್ಸ್ ಯಾರದು?" ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು.

"ಇವಳದ್ದೇ ಸರ್. ಕೋವಿ ಇವಳದ್ದು, ಸೂಜಿ ನಂದು." ಇದು ಅವನ ಹಳೆಯ ಜೋಕು. ಕೇಳಿದವರೆಲ್ಲ ನಗುತ್ತಿದ್ದರು. ಇನ್ಸ್‌ಪೆಕ್ಟರು ನಗಲಿಲ್ಲ.

"ಮತ್ತೆ ಬೀಗದ ಕೈ ನಿಮ್ಮ ಡಬ್ಬೀಲಿ ಯಾಕಿದೆ?"

"ಅವಳ ಕೈಗೆ ಕೊಟ್ರೆ, ಎಲ್ಲಿಟ್ಟೆ ಅಂತ ಆಮೇಲೆ ನನ್ನನ್ನೇ ಕೇಳ್ತಾಳೆ ಸರ್. ಅದಕ್ಕೆ ಮೊದ್ಲೇ ನಾನೇ ಇಟ್ಬಿಟ್ಟೆ."

ಮುಂದಿನದನ್ನೆಲ್ಲ ಇನ್ಸ್‌ಪೆಕ್ಟರು ಅಲುಗಾಡದೆ ನಿಂತೇ ಹೇಳಬೇಕಾಯಿತು, ಏಕೆಂದರೆ ಅವರ ತೋಳಿನಲ್ಲಿ ಸೂಜಿ ಇತ್ತು. ಬೀರು ಸರಿಯಿದೆ, ಗೋಡೆ ಸರಿಯಿದೆ. ಆದರೆ ಬೀಗದ ಕೈ ಎಲ್ಲಿದೆಯೆಂದು ಲೈಸೆನ್ಸುದಾರರನ್ನು ಬಿಟ್ಟು ಆ ಮನೆಯ ಇನ್ನೊಂದು ಜೀವಕ್ಕೂ ತಿಳಿದಿರಕೂಡದು. ಗಂಡನಾಗಲಿ, ಹೆಂಡತಿಯಾಗಲಿ, ಹೆತ್ತ ಮಕ್ಕಳಾಗಲಿ. "ತಿಂಗಳ ಕೊನೇಲಿ ಇನ್ನೊಂದ್ಸಲ ಬರ್ತೀನಿ ಮೇಡಂ. ಆಗ್ಲೂ ಹೀಗೇ ಇದ್ರೆ ಕೋವೀನ ಸ್ಟೇಷನ್ನಿಗೆ ಒಪ್ಪಿಸ್ಬೇಕು. ಅಲ್ಲಿಂದ ವಾಪಸ್ ಬರೋದಿಲ್ಲ. ಕತ್ತರಿಸಿ ಗುಜರಿಗೆ ಹಾಕ್ತಾರೆ." ಗಟ್ಟಿಯಾದ ಗುಂಡಿಯನ್ನು ಒಮ್ಮೆ ಎಳೆದು ನೋಡಿ, ಬೀರು ತೆಗೆದು ಒಳಗಿನ ಬೋಲ್ಟುಗಳನ್ನೂ ನೋಡಿ, ಬೀಗದ ಕೈಯನ್ನು ಅವಳಿಗೆ ಕೊಟ್ಟು, ಥ್ಯಾಂಕ್ಸ್ ಎಂದು ಹೇಳಿ ಅವರು ಹೊರಟುಹೋದರು.

ಕತ್ತರಿಸುವುದು ಎಂಬ ಮಾತು ಡ್ರೈವರಮ್ಮನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

ಅವಳ ಅಪ್ಪನನ್ನು ಜನ ಕೋವಿ ಮೇಸ್ತ್ರಿ ಎನ್ನುತ್ತಿದ್ದರು. ಈಗ ಹೊಲಿಗೆ ಯಂತ್ರವಿರುವ ಕೋಣೆಯೇ ಆಗ ಅವನ ಕೋವಿ ರಿಪೇರಿಯ ಅಂಗಡಿ. ಅರದ ಕಿರಕಿರ, ಎಣ್ಣೆಯ ವಾಸನೆ, ಉಜ್ಜಿದ ಮರದ ಹುಡಿ ಇವುಗಳ ನಡುವೆಯೇ ಅವಳು ಬೆಳೆದಳು. ತಾಯಿಯಿಲ್ಲದ ಮಗಳಿಗೆ ಜಡೆ ಹಾಕುವಾಗಲೂ ಅವನ ಬೆರಳಲ್ಲಿ ಎಣ್ಣೆಯ ಕಲೆ ಇರುತ್ತಿತ್ತು. ಊರಿನವರ ಕೋವಿಗಳೆಲ್ಲ ಬಂದು ಹೋಗುತ್ತಿದ್ದವು, ಮನೆಯ ಕೋವಿ ಮಾತ್ರ ಗೋಡೆಯ ಎರಡು ಗೂಟಗಳ ಮೇಲೆ ಎಲ್ಲರಿಗೂ ಕಾಣುವಂತೆ ಮಲಗಿರುತ್ತಿತ್ತು. ಬೀರು ಇರಲಿಲ್ಲ, ಬೀಗ ಇರಲಿಲ್ಲ. ಇದ್ದದ್ದು ಅಪ್ಪನ ಒಂದು ಗದರಿಕೆ ಮಾತ್ರ: "ಬಾಯಿ ತೆರೆದು ಕೊಡು!" ಕೋವಿಯನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುವ ಮೊದಲು ನಳಿಗೆಯನ್ನು ಮಡಚಿ, ಒಳಗೆ ತೋಟಾ ಇಲ್ಲವೆಂದು ತೋರಿಸಿಯೇ ಕೊಡಬೇಕು. ಅದನ್ನು ಮರೆತ ದೊಡ್ಡ ಮನುಷ್ಯರನ್ನೂ ಅವನು ಅಂಗಡಿಯಿಂದ ಇಳಿಸಿ ಕಳಿಸಿದ್ದುಂಟು.

ಅವಳು ಹೈಸ್ಕೂಲಿಗೆ ಸೇರಿದ ವರ್ಷ ಅವನು ಆ ಕೋವಿಯ ಮರವನ್ನು, ಭುಜಕ್ಕೆ ಒರಗುವ ಭಾಗವನ್ನು, ಗರಗಸದಿಂದ ಕೊಯ್ದು ಗಿಡ್ಡ ಮಾಡಿದ. ಅವಳ ತೋಳು ಪುಟ್ಟದಿತ್ತಲ್ಲ, ಅದಕ್ಕೆ. ಆಮೇಲೆ ಅವಳು ನೋಡನೋಡುತ್ತ ಉದ್ದವಾದಳು. ಕೊಯ್ದ ತುಂಡನ್ನು ಅವನು ಎಸೆದಿರಲಿಲ್ಲ. ಅದನ್ನೇ ಮತ್ತೆ ಅಂಟಿಸಿ ಕೂಡಿಸಿದ. ಸಾಲದೆಂದು ಮರುವರ್ಷ ಇನ್ನೊಂದು ತೆಳು ಹಲಗೆ. ಹಾಗಾಗಿ ಅದರ ಮರದಲ್ಲಿ ಎರಡು ಗೆರೆಗಳಿದ್ದವು. ಅಪ್ಪ ಮಗಳು ಭಾನುವಾರ ಬೆಳಗ್ಗೆ ಹಾಳುಬಿದ್ದ ಕಲ್ಲುಗಣಿಗೆ ಹೋಗಿ, ಗಾಳಿಯಲ್ಲಿ ಎಸೆದ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುತ್ತಿದ್ದರು. ಹಕ್ಕಿಗೆ ಹೊಡೆಯುವುದನ್ನು ಅಪ್ಪ ಅವಳಿಗೆ ಕಲಿಸಲೇ ಇಲ್ಲ.

ಟೇಲರ್ ಈ ಮನೆಗೆ ಕಾಲಿಟ್ಟದ್ದೂ ಕೋವಿಯ ದೆಸೆಯಿಂದಲೇ. ಆಗವನು ಪೇಟೆ ಬೀದಿಯಲ್ಲಿ ಯಾರದೋ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೇಸ್ತ್ರಿ ಒಂದು ದಿನ ಕೋವಿಯನ್ನು ಹೆಗಲ ಮೇಲೆ ಹೊತ್ತು, ಮಗಳನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗಿ, "ಇದಕ್ಕೊಂದು ಅಂಗಿ ಹೊಲಿಬೇಕಲ್ಲಪ್ಪ," ಎಂದ. ಹುಡುಗ ಒಂದಿಷ್ಟೂ ಹೆದರದೆ ಕೊರಳಿನ ಟೇಪು ತೆಗೆದು ಕೋವಿಯ ಅಳತೆ ಹಿಡಿದ. ಉದ್ದ ಬರೆದುಕೊಂಡ, ಸುತ್ತಳತೆ ಬರೆದುಕೊಂಡ. ಆಮೇಲೆ ತಲೆ ಎತ್ತದೆ ಕೇಳಿದ: "ಇನ್ನೂ ಬೆಳೆಯೋ ವಯಸ್ಸಾ? ಹಾಗಿದ್ರೆ ಸ್ವಲ್ಪ ಬಟ್ಟೆ ಮಡಚಿ ಬಿಡ್ತೀನಿ." ಮರಕ್ಕೆ ಬಿದ್ದಿದ್ದ ತೇಪೆಯ ಗೆರೆಗಳನ್ನು ಅವನು ಗಮನಿಸಿದ್ದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೇಸ್ತ್ರಿಯೂ ನಕ್ಕ, ಆದರೆ ಮಗಳು ನಕ್ಕದ್ದನ್ನು ನೋಡಿ ಸುಮ್ಮನಾದ. ಅಪ್ಪಂದಿರಿಗೆ ಇಂಥವು ಬೇಗ ತಿಳಿಯುತ್ತವೆ.

ಮದುವೆಯಾಗಿ ಅವನು ಮನೆಯಳಿಯನಾಗಿ ಬಂದ. ಬೀದಿಯ ಜನ 'ಕೋವಿ ತೋರಿಸಿ ಕಟ್ಟಿಕೊಂಡರು' ಎಂದು ಚುಡಾಯಿಸಿದರು. ಅವನು ಕೋವಿ ಹಿಡಿದು ಒಂದು ಗುಂಡನ್ನೂ ಹಾರಿಸಿದವನಲ್ಲ, ಸದ್ದಿಗೆ ಬೆಚ್ಚಿಬೀಳುತ್ತಿದ್ದ. ಆದರೂ ಭಾನುವಾರಗಳಲ್ಲಿ ಕಲ್ಲುಗಣಿಗೆ ಹೋಗಿ ಮಣ್ಣಿನ ಬಿಲ್ಲೆ ಎಸೆಯುವ ಕೆಲಸ ಅವನದೇ ಆಯಿತು. ಕಿವಿಗೆ ಹತ್ತಿ ತುರುಕಿಕೊಂಡು, ಎಸೆದು, ಎಸೆದ ಕೂಡಲೆ ಕಣ್ಣು ಮುಚ್ಚುತ್ತಿದ್ದ. "ಬಿತ್ತಾ?" ಎಂದು ಕೇಳುತ್ತಿದ್ದ. "ಬಿತ್ತು" ಎಂದು ಅಪ್ಪ ಮಗಳು ಒಟ್ಟಿಗೆ ಕೂಗುತ್ತಿದ್ದರು. ಅಂಥ ಭಾನುವಾರಗಳು ಎಷ್ಟು ಸುಖದವು ಎಂದು ಆಗ ಮೂವರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ತೀರಿಕೊಂಡ ಮೇಲೆ, ಆ ಎರಡು ಗೂಟಗಳನ್ನು ನೋಡಿದಾಗಲೆಲ್ಲ ಅವಳಿಗೆ ಗೊತ್ತಾಗುತ್ತಿತ್ತು.

ಅವಳು ಬಸ್ಸಿಗೆ ಸೇರಿದ ಮೇಲೆ ಮನೆ ಪೂರ್ತಿ ಟೇಲರನ ಕೈಗೆ ಬಂತು. ಅಡುಗೆ, ಒಗೆತ, ಇಸ್ತ್ರಿ, ಎಲ್ಲವೂ. ನೂಲಿನ ಉಂಡೆಯಿಂದ ಹಿಡಿದು ನೀರಿನ ಬಿಲ್ಲಿನವರೆಗೆ ಯಾವುದು ಎಲ್ಲಿದೆಯೆಂದು ಅವನ ಬಾಯಿತುದಿಯಲ್ಲಿತ್ತು. "ರೀ, ನನ್ನ ಸಾಕ್ಸು?" "ಎರಡನೇ ಖಾನೆ, ಎಡಗಡೆ." "ರೀ, ಆ ಟಾರ್ಚು?" "ಬಾಗಿಲ ಹಿಂದೆ." ಅವಳ ಸಂಸಾರವೆಲ್ಲ ಹೀಗೆ ಕೂಗಿ ಕೇಳುವುದರಲ್ಲಿ ಸರಾಗವಾಗಿ ನಡೆದುಹೋಗಿತ್ತು. ಇಂಥ ಮನೆಯಲ್ಲಿ ಈಗ ಅವನಿಗೆ ತಿಳಿಯದಂತೆ ಒಂದು ವಸ್ತುವನ್ನು ಇಡಬೇಕಿತ್ತು.

ಮೊದಲು ಅವಳು ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿದಳು. ಮರುದಿನ ಬೆಳಗ್ಗೆ ಅಡುಗೆಮನೆಯಿಂದ ದನಿ ಬಂತು: "ಕಬ್ಬಿಣದ ಅಂಶ ಮೈಗೆ ಒಳ್ಳೇದು ಅಂತಾರೆ, ನಿಜ. ಆದ್ರೆ ನನ್ನ ಹಲ್ಲಿನ ಗತಿ ಏನೇ?" ಮಳೆಗಾಲದ ಕೋಟಿನ ಜೇಬಿನಲ್ಲಿಟ್ಟಳು; ಅವನು ಅದನ್ನು ಬಿಸಿಲಿಗೆ ಹಾಕಲು ತೆಗೆದ. ಹಳೆಯ ಬೂಟಿನೊಳಗಿಟ್ಟಳು, ಪಾಲಿಶ್ ಮಾಡಲು ತೆಗೆದ. ಅಪ್ಪನ ಫೋಟೋದ ಹಿಂದಿಟ್ಟಳು. ಗಾಜು ಒರೆಸುವಾಗ ಅವನ ಕಾಲಿನ ಮೇಲೇ ಬಿತ್ತು. ಪ್ರತಿ ಸಲವೂ ಅವನು ಪೆಚ್ಚುಮೋರೆ ಹಾಕಿಕೊಂಡು ತಂದುಕೊಟ್ಟ. "ನಾನು ಹುಡುಕ್ತಿಲ್ಲ ಕಣೇ. ಅದಾಗೇ ಸಿಗುತ್ತೆ."

"ನಂಬರ್ ಬೀಗ ಹಾಕ್ಸಿದ್ರೆ?" ಎಂದ ಒಮ್ಮೆ.

"ನಾನು ಯಾವ ನಂಬರ್ ಇಡ್ತೀನಿ ಅಂತ ನಿಮಗೆ ಗೊತ್ತಾಗಲ್ವಾ?"

ಅವನು ಒಂದು ಕ್ಷಣ ಯೋಚಿಸಿ, ಗೊತ್ತಾಗುತ್ತೆ ಎಂದು ಒಪ್ಪಿಕೊಂಡ.

ಕೊರಳಿಗೆ ಕಟ್ಟಿಕೊಂಡು ಕೆಲಸಕ್ಕೂ ಹೋದಳು. ಡಿಪೋದಲ್ಲಿ ಮುಖ ತೊಳೆಯುವಾಗ ಬಿಚ್ಚಿ ಬೇಸಿನ್ನಿನ ಮೇಲಿಟ್ಟವಳು ಅಲ್ಲೇ ಮರೆತಳು. ಅರ್ಧ ದಾರಿಯಲ್ಲಿ ನೆನಪಾಯಿತು. ತುಂಬಿದ ಬಸ್ಸನ್ನು ಹಾಗೇ ಡಿಪೋಗೆ ತಿರುಗಿಸಿದಳು. ಪ್ರಯಾಣಿಕರು ಬೊಬ್ಬೆ ಹೊಡೆದರು, ಮೇಲಧಿಕಾರಿ ಉಗಿದ. ಬೀಗದ ಕೈ ಸಿಕ್ಕಿತು, ಆದರೆ ಆ ದಾರಿಯೂ ಮುಚ್ಚಿತು.

ಅವತ್ತು ಸಂಜೆ ಅವಳು ಬಸ್ಸಿನ ಸಿಟ್ಟನ್ನೆಲ್ಲ ಮನೆಯಲ್ಲಿ ಇಳಿಸಿದಳು. "ನಮ್ಮಪ್ಪನ ಮನೆ ಇದು. ಇದರಲ್ಲಿ ನಂದು ಅಂತ ಒಂದು ಗೂಡಾದ್ರೂ ಉಳಿದಿದೆಯಾ? ಎಲ್ಲಿ ಕೈ ಹಾಕಿದ್ರೂ ನಿಮ್ಮ ಕೈ ಮುಂಚೆ ಇರುತ್ತೆ."

ಆಡಬಾರದಿತ್ತು, ಆಡಿದಳು. ಮನೆಯಳಿಯನಾಗಿ ಬಂದವನಿಗೆ ಅವಳು ಇಷ್ಟು ವರ್ಷದಲ್ಲಿ ಎಂದೂ ಹೇಳದ ಮಾತು ಅದು. ಟೇಲರನ ಮುಖ ಬಣ್ಣಗೆಟ್ಟಿತು. ಮಡಚುತ್ತಿದ್ದ ಅಂಗಿಯನ್ನು ಪೂರ್ತಿ ಮಡಚಿ, ಮೇಲೊಮ್ಮೆ ಕೈಯಾಡಿಸಿ, ಪಕ್ಕಕ್ಕಿಟ್ಟ. "ಒಳಗಿನ ಕೋಣೆ ನಿಂದು," ಎಂದ. "ಇನ್ನು ನಾನು ಅಲ್ಲಿ ಗುಡಿಸಲ್ಲ, ಒರೆಸಲ್ಲ, ಏನನ್ನೂ ಮುಟ್ಟಲ್ಲ. ಎಲ್ಲಿ ಬೇಕಾದ್ರೂ ಇಟ್ಕೋ."

ಅವಳು ಇಟ್ಟಳು. ಎಲ್ಲಿ ಎಂದು ಇಲ್ಲಿ ಬರೆಯುವಂತಿಲ್ಲ. ಲೈಸೆನ್ಸುದಾರರನ್ನು ಬಿಟ್ಟು ಇನ್ನೊಬ್ಬರಿಗೆ ತಿಳಿಯಕೂಡದು ಎಂದ ಮೇಲೆ ಓದುಗರೂ ಅದರಲ್ಲಿ ಬಂದರು. ಆದರೆ ಒಳಕೋಣೆಯಲ್ಲಿ ಮೊದಲ ಸಲ ಇಡಹೋದಾಗ ಏನಾಯಿತೆಂದು ಹೇಳಬಹುದು, ಏಕೆಂದರೆ ಆ ಜಾಗವನ್ನು ಅವಳು ಕೂಡಲೇ ಬಿಡಬೇಕಾಯಿತು. ಅವಳು ಕಪಾಟಿನ ಒಂದು ಖಾನೆಯನ್ನು ಮೆಲ್ಲಗೆ ಎಳೆದಳು. ಅದು ಕುಂಯ್ ಎಂದಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಟೇಲರ್, ಅಭ್ಯಾಸಬಲದಿಂದ, ತಿರುಗಿಯೂ ನೋಡದೆ ಕೂಗಿದ: "ಕೆಳಗಿನ ಖಾನೆ ಹಾಗೆ ಎಳೀಬೇಡ ಕಣೇ, ಬಲಗಡೆ ಎತ್ತಿ ಎಳಿ!"

ಪಾತ್ರೆಯ ಸದ್ದು ನಿಂತಿತು. ನಲ್ಲಿ ಮಾತ್ರ ಸುರಿಯುತ್ತಿತ್ತು.

ಅವನು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತ. ನಾಲಿಗೆ ಕಚ್ಚಿಕೊಂಡಿದ್ದ. ಅವಳು ಮಂಚದ ಮೇಲೆ ಕುಳಿತು ಬೀಗದ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅಳು ಬಂದಿತ್ತು. ಈ ಮನೆಯ ಬಾಗಿಲು, ಖಾನೆ, ಡಬ್ಬಿಯ ಮುಚ್ಚಳ ಎಲ್ಲದರ ದನಿಯೂ ಅವನಿಗೆ ಗೊತ್ತು, ಅವನೇನು ಮಾಡಿಯಾನು?

"ಕೊಟ್ಬಿಡ್ತೀನಿ ರೀ," ಎಂದಳು. "ಅವರು ಬಂದು ಒಯ್ಯೋದಕ್ಕಿಂತ ನಾನೇ ಹೋಗಿ ಕೊಟ್ಬಿಡ್ತೀನಿ. ನಿಮ್ಮಿಂದ ಬಚ್ಚಿಡೋದು ನನ್ನ ಕೈಲಾಗಲ್ಲ. ಆಗೋದೂ ಬೇಡ."

"ಕತ್ತರಿಸ್ತಾರಂತಲ್ಲೇ."

"ಕತ್ತರಿಸ್ಲಿ."

ಹಾಗೆಂದವಳು ಮುಖಕ್ಕೆ ಸೆರಗೊತ್ತಿಕೊಂಡಳು. ತಿಂಗಳ ಕೊನೆಗೆ ಇನ್ನೂ ದಿನಗಳಿವೆ, ಅಲ್ಲಿಯವರೆಗೆ ನೋಡೋಣ ಎಂದಷ್ಟೇ ಗೊಣಗಿ, ಟೇಲರ್ ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋದ.

ಮರುದಿನದಿಂದ ಅವನ ರೀತಿ ಬದಲಾಯಿತು. ಯಂತ್ರವನ್ನು ತಿರುಗಿಸಿ, ಒಳಕೋಣೆಗೆ ಬೆನ್ನು ಮಾಡಿ, ಗೋಡೆಗೆ ಮುಖವಿಟ್ಟು ಕೂತ. ಬೆಳಕು ಸಾಲುವುದಿಲ್ಲವಲ್ಲ ಎಂದರೆ ಸಾಕು ಎಂದ. ಅವಳು ಒಳಕೋಣೆಗೆ ಹೋದರೆ ಸಾಕು, ಯಂತ್ರ ಕಟಕಟಕಟ ಎಂದು ಹುಚ್ಚುಹಿಡಿದಂತೆ ಶುರುವಾಗುತ್ತಿತ್ತು. ಮಾತಾಡುತ್ತಿದ್ದರೂ ಅರ್ಧಕ್ಕೇ ಬಿಟ್ಟು ಪೆಡಲು ತುಳಿಯತೊಡಗುತ್ತಿದ್ದ. ಅವಳು "ರೀ" ಎಂದು ಕೂಗಿದರೂ ಕೇಳುತ್ತಿರಲಿಲ್ಲ. ಇಷ್ಟೊಂದು ಹೊಲಿಗೆ ಎಲ್ಲಿಂದ ಬಂತೋ ಎಂದುಕೊಂಡಳು. ಆಮೇಲೆ, ಇದು ಹೊಲಿಗೆಯ ಭರವಲ್ಲ, ಸಿಟ್ಟು ಎಂದುಕೊಂಡಳು. ನಂದು ನಿಂದು ಎಂದು ಬಾಯಿಬಿಟ್ಟು ಆಡಿದ್ದಲ್ಲವೇ? ಆಡಿದ ಮಾತು ಒಡೆದ ಮುತ್ತು. ಒಳಕೋಣೆಯನ್ನು ಅವಳೇ ಗುಡಿಸಿದಳು, ಗುಡಿಸಿದ್ದಕ್ಕಿಂತ ಕಸವನ್ನು ಮೂಲೆಗೆ ತಳ್ಳಿದ್ದೇ ಹೆಚ್ಚು. ಬೀಗದ ಕೈಗೆ ಬೇರೆ ಜಾಗ ಹುಡುಕಿದಳು, ಮತ್ತೆ ಬದಲಿಸಿದಳು, ಸರಿಯಿದೆಯೇ ಎಂದು ಹೋಗಿ ಹೋಗಿ ನೋಡಿದಳು. ಪ್ರತಿ ಸಲವೂ ಬೆನ್ನ ಹಿಂದೆ ಆ ಯಂತ್ರದ ಆರ್ಭಟ. ಕಲ್ಲುಗಣಿಯ ಬದಲು ಈಗ ಗುರಿಯಿಡಲು ಹೋಗುತ್ತಿದ್ದ ಕ್ಲಬ್ಬಿಗೂ ಭಾನುವಾರ ಹೋಗಲಿಲ್ಲ. ಬಿಲ್ಲೆ ಎಸೆಯಲು ಬನ್ನಿ ಎಂದು ಕರೆಯಲು ಅವಳಿಗೆ ಬಾಯಿಯೇ ಬರಲಿಲ್ಲ.

ಇನ್ಸ್‌ಪೆಕ್ಟರು ಹೇಳಿದಂತೆ ಬಂದರು, ನಡುಮಧ್ಯಾಹ್ನ. ಈ ಸಲ ಬೀರುವಿನ ಹತ್ತಿರ ಹೋಗಲೇ ಇಲ್ಲ. ಟೇಲರನ ಮೇಜಿಗೆ ಒರಗಿ ನಿಂತು, ಫೈಲು ತೆರೆದು, ಅವನನ್ನೇ ಕೇಳಿದರು.

"ಯಜಮಾನ್ರೇ, ಬೀಗದ ಕೈ ಎಲ್ಲಿದೆ?"

"ಗೊತ್ತಿಲ್ಲ ಸರ್."

"ಹೋದ ಸಲ ಗೊತ್ತಿತ್ತು."

"ಹೋದ ಸಲ ಗೊತ್ತಿತ್ತು."

"ಒಂದೇ ಮನೇಲಿರ್ತೀರಿ. ಮನೆ ನೋಡ್ಕೊಳೋರು ನೀವು. ಗೊತ್ತಿಲ್ಲ ಅಂದ್ರೆ ನಾನು ಹೇಗೆ ನಂಬ್ಲಿ ಹೇಳಿ? ನಾನೂ ಸಂಸಾರಸ್ಥನೇ."

ಟೇಲರ್ ಸುಳ್ಳು ಹೇಳಿ ಸಿಕ್ಕಿಬಿದ್ದವನಂತೆ ನೆಲ ನೋಡಿದ. ಮುಗಿಯಿತು ಎಂದುಕೊಂಡಳು ಡ್ರೈವರಮ್ಮ. ಕೋವಿಯ ಮರದ ಆ ಎರಡು ಗೆರೆಗಳು ಕಣ್ಣ ಮುಂದೆ ಬಂದವು. ಅಪ್ಪ ಅಂಟು ಹಚ್ಚಿ, ಬಿಗಿಯಾಗಿ ಹುರಿ ಸುತ್ತಿ, ಒಣಗುವ ತನಕ ಮುಟ್ಟಬೇಡ ಎಂದು ಗದರಿದ್ದು ನೆನಪಾಯಿತು.

"ಸರಿ. ಹೋಗಿ ತನ್ನಿ ಮೇಡಂ," ಎಂದರು ಇನ್ಸ್‌ಪೆಕ್ಟರು. ದನಿಯಲ್ಲಿ ನಂಬಿಕೆ ಇರಲಿಲ್ಲ.

ಅವಳು ಒಳಕೋಣೆಯ ಹೊಸ್ತಿಲು ದಾಟಿದ್ದೇ ತಡ, ಹಿಂದೆ ಯಂತ್ರ ಶುರುವಾಯಿತು. ಕಟಕಟಕಟಕಟ. ಮನೆಗೆ ಬಂದ ಅಧಿಕಾರಿ ಎದುರಿಗೆ ನಿಂತಿರುವಾಗಲೂ! ಅವಳಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಆದವು. ಇವತ್ತೊಂದು ದಿನವಾದರೂ ಸಿಟ್ಟು ನುಂಗಬಾರದಿತ್ತೇ? ಇಟ್ಟಲ್ಲಿಂದ ಬೀಗದ ಕೈ ತೆಗೆದಳು. ತೆಗೆಯುವಾಗ ಏನು ಸದ್ದಾಯಿತೋ ಅವಳಿಗೇ ಕೇಳಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು.

ಇನ್ಸ್‌ಪೆಕ್ಟರು ಅವಳ ಕಡೆ ನೋಡಲಿಲ್ಲ. ಅವರು ಬಾಗಿ ಯಂತ್ರವನ್ನೇ ನೋಡುತ್ತಿದ್ದರು. ಅವಳೂ ಪಕ್ಕಕ್ಕೆ ಬಂದು ನೋಡಿದಳು.

ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಸೂಜಿಗೆ ನೂಲೂ ಇರಲಿಲ್ಲ. ಬರಿಯ ಸೂಜಿ ಬರಿಯ ತಗಡಿನ ತೂತಿನಲ್ಲಿ ಏಳುತ್ತ ಬೀಳುತ್ತ ಇತ್ತು. ಟೇಲರ್ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಉಸಿರುಗಟ್ಟಿ ಪೆಡಲು ತುಳಿಯುತ್ತಿದ್ದ. ಹಣೆಯ ಮೇಲೆ ಬೆವರಿತ್ತು.

ಇನ್ಸ್‌ಪೆಕ್ಟರು ಮತ್ತೇನೂ ಕೇಳಲಿಲ್ಲ. ಬೀರು ತೆರೆಯಿರಿ ಎನ್ನಲೂ ಇಲ್ಲ. ಫೈಲನ್ನು ಕತ್ತರಿ ಮೇಜಿನ ಮೇಲಿಟ್ಟು, ಹೋದ ಸಲ ಖಾಲಿ ಬಿಟ್ಟಿದ್ದ ಕಡೆ ಸಹಿ ಹಾಕಿದರು. ಅವಳಿಗೆ ಒಂದು ಹಾಳೆ ಕೊಟ್ಟು, ಬರ್ತೀನಿ ಎಂದು ಕೈಸನ್ನೆಯಲ್ಲೇ ಹೇಳಿ, ಚಪ್ಪಲಿ ಮೆಟ್ಟಿ ಹೊರಟರು. ಯಂತ್ರ ನಡೆದೇ ಇತ್ತು.

ಅವಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಇನ್ನೊಂದು ಅಂಗೈಯನ್ನು ಯಂತ್ರದ ಗಾಲಿಯ ಮೇಲಿಟ್ಟಳು. ಅದು ಅವಳ ಕೈಯನ್ನು ಸವರುತ್ತ ಇನ್ನೆರಡು ಸುತ್ತು ತಿರುಗಿ ನಿಂತಿತು.

"ಇಟ್ಟಾಯ್ತಾ?" ಎಂದ ಟೇಲರ್, ಕಣ್ಣು ತೆರೆಯದೆ.